ಪ್ರಾಚೀನ ಗ್ರೀಕರ ಮಣ್ಣಿನ ದೀಪಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕ್ ಮಡಕೆಗಳೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಚಿತ್ರ ಬರೆದ ದೊಡ್ಡ ಹೂಜಿಗಳ ಕಡೆಗೆ. ಅಂಗೈಯೊಳಗೆ ಕುಳಿತುಕೊಳ್ಳುವಷ್ಟು ಚಿಕ್ಕದಾದ, ಮೂತಿಯ ಮೇಲೆ ಮಸಿ ಹಿಡಿದ ದೀಪಗಳನ್ನು ನಿಂತು ನೋಡುವವರು ಕಡಿಮೆ. ಆದರೆ ಕುಂಬಾರನ ಬುದ್ಧಿ ಹೇಗೆ ಓಡುತ್ತಿತ್ತು ಎಂದು ತಿಳಿಯಬೇಕಾದರೆ ಹೂಜಿಗಿಂತ ದೀಪವೇ ಒಳ್ಳೆಯ ಗುರು ಎಂದು ನಾನು ನಂಬಿದ್ದೇನೆ. ದೀಪ ಅಗ್ಗದ ವಸ್ತು, ಅದರೊಳಗಿನ ಎಣ್ಣೆ ಬೆಲೆಯುಳ್ಳದ್ದು. ಆ ಎಣ್ಣೆ ಚೆಲ್ಲಬಾರದು, ಜಿನುಗಬಾರದು, ಸುಮ್ಮನೆ ಉರಿದುಹೋಗಬಾರದು. ಕೆಳಗಿನ ಹೆಚ್ಚಿನ ಉತ್ತರಗಳು ಈ ಮೂರು ಚಿಂತೆಗಳ ಸುತ್ತಲೇ ತಿರುಗುತ್ತವೆ.

ಗ್ರೀಕರು ದೀಪವನ್ನು ಏನೆಂದು ಕರೆಯುತ್ತಿದ್ದರು?

ಲುಖ್ನೋಸ್ ಎಂದು. ಬತ್ತಿ ಹೊರಗೆ ಇಣುಕುವ ಮೂತಿಗೆ ಅವರ ಮಾತಿನಲ್ಲಿ ಮುಕ್ತೇರ್ ಎಂಬ ಹೆಸರೂ ಇತ್ತು. ಅದರ ನೇರ ಅರ್ಥ ಮೂಗಿನ ಹೊಳ್ಳೆ. ಎರಡು ಬತ್ತಿಗಳ ದೀಪಕ್ಕೆ ಎರಡು ಮೂಗು! ಹೆಸರಿಟ್ಟವರು ಎಣ್ಣೆ ತೊಟ್ಟಿಕ್ಕುವ ಮೂತಿಯನ್ನು ದಿನವೂ ನೋಡಿದವರೇ ಇರಬೇಕು.

ಗ್ರೀಸಿನಲ್ಲಿ ಮೊದಲಿನಿಂದಲೂ ಮಣ್ಣಿನ ದೀಪಗಳಿದ್ದವೆ?

ಇದ್ದವು, ಆಮೇಲೆ ಬಹುಮಟ್ಟಿಗೆ ಇಲ್ಲವಾದವು, ಮತ್ತೆ ಬಂದವು. ಕಂಚಿನ ಯುಗದಲ್ಲಿ ಕ್ರೀಟ್ ದ್ವೀಪದ ಮಿನೋವನ್ನರು ಕಲ್ಲಿನಲ್ಲಿ ಕೊರೆದ ಸುಂದರ ದೀಪಗಳನ್ನೂ ಮಣ್ಣಿನ ದೀಪಗಳನ್ನೂ ಬಳಸುತ್ತಿದ್ದರು. ಕ್ರಿ.ಪೂ. 1200ರ ಸುಮಾರಿಗೆ ಅರಮನೆಗಳ ಆ ಲೋಕ ಕುಸಿದಾಗ ದೀಪದ ಬಳಕೆಯೂ ಹೆಚ್ಚುಕಡಿಮೆ ನಿಂತುಹೋಯಿತು. ಮುಂದಿನ ಕೆಲವು ಶತಮಾನ ಗ್ರೀಕರು ಒಲೆಯ ಬೆಂಕಿ, ಪಂಜು ಮತ್ತು ಕೆಂಡದ ಬಟ್ಟಲುಗಳ ಬೆಳಕಿನಲ್ಲಿ ಬದುಕಿದರು. ಹೋಮರನ ಎರಡು ಮಹಾಕಾವ್ಯಗಳಲ್ಲಿ ಲುಖ್ನೋಸ್ ಎಂಬ ಪದ ಬರುವುದು ಒಂದೇ ಒಂದು ಸಲ. ಒಡಿಸ್ಸಿಯಸ್ ಮತ್ತು ಅವನ ಮಗ ಆಯುಧಗಳನ್ನು ಬಚ್ಚಿಡುವ ರಾತ್ರಿ ಅಥೀನಾ ದೇವಿ ಚಿನ್ನದ ದೀಪ ಹಿಡಿದು ಮುಂದೆ ನಡೆಯುತ್ತಾಳೆ. ದೀಪ ಆಗ ದೇವತೆಯ ಕೈಯಲ್ಲಿರಬೇಕಾದ ವಸ್ತುವಾಗಿತ್ತು.

ಕ್ರಿ.ಪೂ. 7ನೇ ಶತಮಾನದಲ್ಲಿ ಅದು ಮತ್ತೆ ಮನೆಗಳಿಗೆ ಬಂತು. ದಾರಿ ತೋರಿಸಿದ್ದು ಪೂರ್ವದ ಕರಾವಳಿ, ಅಂದರೆ ಇಂದಿನ ಲೆಬನಾನ್ ಮತ್ತು ಸಿರಿಯಾದ ಕಡೆ. ಅಲ್ಲಿನ ಕುಂಬಾರರು ಬಟ್ಟಲಿನ ಅಂಚನ್ನು ಹಸಿಯಿರುವಾಗಲೇ ಬೆರಳಿನಿಂದ ಚಿವುಟಿ ಬತ್ತಿಗೆ ಜಾಗ ಮಾಡುತ್ತಿದ್ದರು. ನಮ್ಮ ದೀಪಾವಳಿಯ ಹಣತೆಯ ಚೂಪಾದ ಬಾಯಿಯನ್ನು ನೆನಪಿಸಿಕೊಂಡರೆ ಸಾಕು, ಅದೇ ಉಪಾಯ. ಎಣ್ಣೆ, ಬತ್ತಿ, ಮಣ್ಣು ಈ ಮೂರು ಕೈಗೆ ಸಿಕ್ಕರೆ ಯಾವ ನಾಡಿನ ಕುಂಬಾರನಾದರೂ ಮೊದಲು ಮಾಡುವುದು ಇದನ್ನೇ. ಗ್ರೀಕರು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ಯಾವ ಮಣ್ಣು ಬಳಸುತ್ತಿದ್ದರು?

ಊರ ಮಣ್ಣನ್ನೇ. ಅಥೆನ್ಸಿನ ಸುತ್ತಲಿನ ಜೇಡಿಯಲ್ಲಿ ಕಬ್ಬಿಣದ ಅಂಶ ಹೆಚ್ಚು, ಆದ್ದರಿಂದ ಸುಟ್ಟಾಗ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಕೊರಿಂಥದ ಮಣ್ಣು ಸುಟ್ಟ ಮೇಲೆ ತಿಳಿ ಹಳದಿ. ಈ ಬಣ್ಣದ ವ್ಯತ್ಯಾಸದಿಂದಲೇ ಎಷ್ಟೋ ದೀಪಗಳ ಹುಟ್ಟೂರನ್ನು ಗುರುತಿಸುತ್ತಾರೆ. ಅಥೆನ್ಸಿನ ಕುಂಬಾರರ ಕೇರಿಯ ಹೆಸರು ಕೆರಮೈಕೋಸ್. ಮಣ್ಣಿನ ಪಾತ್ರೆಗೆ ಗ್ರೀಕರು ಹೇಳುವ ಕೆರಮೋಸ್ ಎಂಬ ಪದ ಆ ಹೆಸರಿನಲ್ಲಿದೆ, ನಾವು ಇಂದು ಬಳಸುವ ಸೆರಾಮಿಕ್ ಎಂಬ ಮಾತಿನಲ್ಲೂ ಇದೆ.

ತಿಗರಿಯ ಮೇಲೆ ದೀಪ ಹೇಗೆ ರೂಪ ತಳೆಯುತ್ತಿತ್ತು?

ಮೊದಮೊದಲು ಕೈಯಿಂದಲೇ ತಟ್ಟಿ ಮಾಡಿದ ದೀಪಗಳೂ ಇದ್ದವು. ಕ್ರಿ.ಪೂ. 6ನೇ ಶತಮಾನದ ಹೊತ್ತಿಗೆ ತಿಗರಿಯದೇ ರಾಜ್ಯ. ಹದಗೊಳಿಸಿದ ಮಣ್ಣಿನ ಮುದ್ದೆಯನ್ನು ತಿರುಗುವ ತಿಗರಿಯ ನಡುವೆ ಇಟ್ಟು ತಗ್ಗಾದ ಬಟ್ಟಲನ್ನು ಎತ್ತುತ್ತಿದ್ದರು. ಅಂಚನ್ನು ಹೊರಕ್ಕೆ ಬಿಡದೆ ಒಳಕ್ಕೆ ಬಾಗಿಸುತ್ತಿದ್ದರು. ಹೊರಗೆ ಅರಳಲು ನೋಡುವ ಮಣ್ಣನ್ನು ಒಳಗೆ ಮಡಿಸುವುದು ಎಷ್ಟು ತಾಳ್ಮೆಯ ಕೆಲಸ ಎಂಬುದನ್ನು ತಿಗರಿ ಮುಟ್ಟಿದವರೇ ಬಲ್ಲರು.

ಬಟ್ಟಲು ಸ್ವಲ್ಪ ಬಿರುಸಾದ ಮೇಲೆ ಎರಡನೆಯ ಹಂತ. ಮೂತಿಯನ್ನು ಬೇರೆಯಾಗಿ ಕೈಯಲ್ಲೇ ಮಾಡಿ, ಬಟ್ಟಲಿನ ಪಕ್ಕದಲ್ಲಿ ಕೊಯ್ದ ಜಾಗಕ್ಕೆ ಹಸಿ ಮಣ್ಣಿನಿಂದ ಅಂಟಿಸುತ್ತಿದ್ದರು. ಬತ್ತಿಗೆ ತೂತು ಕೊರೆಯುತ್ತಿದ್ದರು. ಬೇಕಾದರೆ ಹಿಂಬದಿಗೆ ಪಟ್ಟಿಯಂಥ ಒಂದು ಹಿಡಿ ಸೇರಿಸುತ್ತಿದ್ದರು. ಕೆಲವು ದೀಪಗಳ ನಟ್ಟನಡುವೆ ತಳದಿಂದ ಮೇಲಕ್ಕೆ ಒಂದು ಪೊಳ್ಳು ಕೊಳವೆ ಎದ್ದಿರುತ್ತದೆ. ಮೊದಲ ಸಲ ನೋಡಿದಾಗ ಅದು ಏಕೆಂದು ತಿಳಿಯುವುದಿಲ್ಲ. ಕಂಬದ ಮೊಳೆಯ ಮೇಲೆ ಕೂರಿಸಿದರೆ ದೀಪ ಅಲುಗಾಡದೆ ನಿಲ್ಲಲಿ ಎಂಬುದು ಅದರ ಉದ್ದೇಶ. ಮುಂದಿನ ಶತಮಾನಗಳಲ್ಲಿ ಪಕ್ಕಕ್ಕೆ ತೂತಿರುವ ಒಂದು ಸಣ್ಣ ಗುಬ್ಬಿ, ಅಂದರೆ ಮಣ್ಣಿನ ಉಬ್ಬು, ಬಂತು. ದಾರ ಪೋಣಿಸಿ ಗೋಡೆಗೆ ತೂಗುಹಾಕಲು ಅದು ಅನುಕೂಲ.

ಅಥೆನ್ಸಿನ ನಾಟಕಕಾರ ಅರಿಸ್ಟೋಫನೀಸನಿಗೆ ಈ ಕೆಲಸ ಚೆನ್ನಾಗಿ ಗೊತ್ತಿತ್ತು. ಹೆಂಗಸರೇ ಜನಸಭೆಯನ್ನು ವಶಪಡಿಸಿಕೊಳ್ಳುವ ಅವನ ನಾಟಕದ ಮೊದಲ ದೃಶ್ಯದಲ್ಲಿ ನಾಯಕಿ ಪ್ರಾಕ್ಸಾಗೊರಾ ಬೆಳಗಿನ ಜಾವದ ಕತ್ತಲಲ್ಲಿ ಕೈಯಲ್ಲಿರುವ ದೀಪವನ್ನೇ ದೇವರೆಂಬಂತೆ ಮಾತನಾಡಿಸುತ್ತಾಳೆ. ತಿಗರಿಯಲ್ಲಿ ಹುಟ್ಟಿದವನೇ, ನಿನ್ನ ಹೊಳ್ಳೆಗಳಲ್ಲಿ ಸೂರ್ಯನ ಪದವಿ ಇದೆ ಎಂಬುದು ಅವಳ ಮಾತಿನ ತಾತ್ಪರ್ಯ. ಕುಂಬಾರನ ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇರೆಲ್ಲಿ ಸಿಕ್ಕಿದೆಯೋ ಕಾಣೆ.

ಆ ಕಪ್ಪು ಹೊಳಪು ಬಣ್ಣವೆ? ಹೇಗೆ ಬರುತ್ತದೆ?

ಬಣ್ಣವಲ್ಲ, ಮಣ್ಣೇ. ಬಹಳ ಜನ ಕೇಳುವ ಪ್ರಶ್ನೆ ಇದು, ಉತ್ತರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಜೇಡಿಮಣ್ಣನ್ನು ನೀರಿನಲ್ಲಿ ಕದಡಿ ಬಿಟ್ಟರೆ ದಪ್ಪ ಕಣಗಳು ತಳಕ್ಕಿಳಿಯುತ್ತವೆ, ಅತಿ ಸೂಕ್ಷ್ಮ ಕಣಗಳು ಮೇಲೆ ತೇಲುತ್ತವೆ. ಆ ಮೇಲಿನ ನೀರನ್ನು ಬಸಿದು ಗಟ್ಟಿ ಮಾಡಿಕೊಂಡರೆ ಕೆನೆಯಂಥ ಲೇಪ ಸಿಗುತ್ತದೆ. ಒಣಗಿದ ದೀಪಕ್ಕೆ ಅದನ್ನು ಬಳಿದು ಆವಿಗೆಗೆ ಇಡುತ್ತಿದ್ದರು. ಮುಂದಿನ ಕೆಲಸ ಬೆಂಕಿಯದು, ಅದು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಗಾಳಿಯಾಡಲು ಬಿಟ್ಟು ಉರಿಸಿದಾಗ ಇಡೀ ದೀಪ ಕೆಂಪಾಗುತ್ತದೆ. ಕಾವು 800 ಡಿಗ್ರಿ ದಾಟಿ 900ರ ಸುತ್ತಮುತ್ತ ಏರಿದಾಗ ಗಾಳಿಕಿಂಡಿ ಮುಚ್ಚಿ ಹಸಿ ಕಟ್ಟಿಗೆ ಹಾಕುತ್ತಾರೆ. ಆಮ್ಲಜನಕ ಸಿಗದ ಬೆಂಕಿ ಮಣ್ಣಿನೊಳಗಿನ ಕಬ್ಬಿಣದ ಆಕ್ಸೈಡಿನಿಂದ ಅದನ್ನು ಕಿತ್ತುಕೊಳ್ಳುತ್ತದೆ, ದೀಪವೆಲ್ಲ ಕಪ್ಪಾಗುತ್ತದೆ. ಇದೇ ಹೊತ್ತಿಗೆ ಸೂಕ್ಷ್ಮ ಕಣಗಳ ಲೇಪ ಅರೆಗರಗಿ ಗಾಜಿನಂತೆ ಮುಚ್ಚಿಕೊಳ್ಳುತ್ತದೆ. ಕೊನೆಗೆ ಮತ್ತೆ ಕಿಂಡಿ ತೆರೆದಾಗ ಗಾಳಿ ಒಳನುಗ್ಗಿ, ರಂಧ್ರಗಳಿರುವ ಮಣ್ಣು ಪುನಃ ಕೆಂಪಿಗೆ ತಿರುಗುತ್ತದೆ. ಲೇಪವಿರುವ ಕಡೆ ಮಾತ್ರ ಗಾಳಿಗೆ ದಾರಿಯಿಲ್ಲ, ಅಲ್ಲಿ ಕಪ್ಪು ಉಳಿಯುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕುಂಬಾರರು ಬೆಂಕಿಯ ಬಣ್ಣವನ್ನು ನೋಡಿಯೇ ಇದನ್ನೆಲ್ಲ ನಡೆಸಿದರು.

ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಹೂಜಿಯಲ್ಲಿ ಈ ಹೊಳಪು ಹೊರಮೈಯ ಅಲಂಕಾರ. ಹಳೆಯ ದೀಪಗಳಲ್ಲಿ ಹೊರಮೈಯನ್ನು ಎಷ್ಟೋ ಸಲ ಹಾಗೇ ಬಿಟ್ಟು ಒಳಗೆ ಮಾತ್ರ ಲೇಪ ಬಳಿದಿರುತ್ತಾರೆ. ಯಾರ ಕಣ್ಣಿಗೂ ಬೀಳದ ಜಾಗ ಅದು. ಲೇಪವಿಲ್ಲದ ಮಣ್ಣಿನ ರಂಧ್ರಗಳಲ್ಲಿ ಎಣ್ಣೆ ಇಂಗಿ ಹೊರಗೆ ಜಿನುಗಬಾರದು, ಮೇಜು ಜಿಡ್ಡಾಗಬಾರದು ಎಂಬುದಕ್ಕಾಗಿ ಆ ಶ್ರಮ.

ತೆರೆದ ಬಟ್ಟಲು ಮುಚ್ಚಿದ ದೀಪವಾಗಲು ಕಾರಣವೇನು?

ಎಣ್ಣೆ ಚೆಲ್ಲುವುದು. ಕ್ರಿ.ಪೂ. 6ನೇ ಶತಮಾನದಲ್ಲಿ ಅಂಚು ಸ್ವಲ್ಪ ಒಳಗೆ ಬಾಗಿತು. 5ನೇ ಶತಮಾನದಲ್ಲಿ ಇನ್ನಷ್ಟು. 4ನೇ ಶತಮಾನದ ಹೊತ್ತಿಗೆ ಮೇಲೆ ಎಣ್ಣೆ ಸುರಿಯುವ ಒಂದು ಸಣ್ಣ ಕಿಂಡಿ ಉಳಿದು, ಒಡಲು ಗುಂಡಗಾಗಿ, ಮೂತಿ ಉದ್ದವಾಯಿತು. ಮೂತಿ ಉದ್ದವಾದರೆ ಜ್ವಾಲೆ ಎಣ್ಣೆಯ ಒಡಲಿನಿಂದ ದೂರ ಇರುತ್ತದೆ, ದೀಪ ಹಿಡಿದವರ ಬೆರಳಿಗೂ ಬಿಸಿ ತಾಗುವುದಿಲ್ಲ. ಕಿಂಡಿ ಚಿಕ್ಕದಾದರೆ ಧೂಳೂ ಬೀಳುವುದಿಲ್ಲ, ಇಲಿಯ ಮೂತಿಯೂ ತೂರುವುದಿಲ್ಲ. ಇಲಿಯ ಮಾತು ಉತ್ಪ್ರೇಕ್ಷೆಯಲ್ಲ. ಕಪ್ಪೆಗಳಿಗೂ ಇಲಿಗಳಿಗೂ ಯುದ್ಧ ನಡೆಯುವ ಒಂದು ಹಳೆಯ ಗ್ರೀಕ್ ಹಾಸ್ಯಕಾವ್ಯದಲ್ಲಿ ಅಥೀನಾ ದೇವಿಯೇ ಇಲಿಗಳ ಪಕ್ಷ ವಹಿಸಲು ಒಪ್ಪುವುದಿಲ್ಲ. ಎಣ್ಣೆಯ ಆಸೆಗೆ ತನ್ನ ದೀಪಗಳನ್ನು ಹಾಳುಮಾಡುತ್ತವೆ ಎಂಬುದು ಅವಳ ದೂರು.

ಅಚ್ಚು ಯಾವಾಗ ಬಂತು? ಅದರಿಂದ ಏನು ಬದಲಾಯಿತು?

ಕ್ರಿ.ಪೂ. 3ನೇ ಶತಮಾನದಲ್ಲಿ ಅಚ್ಚಿನ ದೀಪಗಳು ಕಾಣಿಸಿಕೊಂಡವು. ಅಲೆಕ್ಸಾಂಡರನ ನಂತರದ ವಿಶಾಲವಾದ ಗ್ರೀಕ್ ಜಗತ್ತು ಅದು. ತಿಗರಿ ಒಮ್ಮೆಲೇ ಮೂಲೆಗೆ ಸೇರಲಿಲ್ಲ, ಎರಡೂ ವಿಧಾನ ಬಹುಕಾಲ ಜೊತೆಯಾಗಿ ನಡೆದವು.

ಮೊದಲು ಗಟ್ಟಿ ಮಣ್ಣಿನಲ್ಲಿ ಮೂಲ ದೀಪವೊಂದನ್ನು ಕೆತ್ತಿ ಸುಡುತ್ತಿದ್ದರು. ಅದರ ಮೇಲೆ ಮಣ್ಣನ್ನೋ ಜಿಪ್ಸಮ್ ಗಾರೆಯನ್ನೋ ಒತ್ತಿ, ಮೇಲಿನ ಅರ್ಧಕ್ಕೊಂದು ಕೆಳಗಿನ ಅರ್ಧಕ್ಕೊಂದು ಅಚ್ಚು ತೆಗೆಯುತ್ತಿದ್ದರು. ಎರಡು ಅಚ್ಚುಗಳಲ್ಲೂ ತೆಳುವಾದ ಮಣ್ಣಿನ ಹಾಳೆ ಒತ್ತಿ, ಅಂಚಿಗೆ ಹಸಿ ಲೇಪ ಸವರಿ ಒಂದರ ಮೇಲೊಂದು ಕೂಡಿಸುತ್ತಿದ್ದರು. ಅಚ್ಚು ತೇವವನ್ನು ಹೀರಿಕೊಂಡಂತೆ ಮಣ್ಣು ಕುಗ್ಗಿ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಆಮೇಲೆ ಸುತ್ತಲಿನ ಬೆಸುಗೆಯ ಗೆರೆಯನ್ನು ಚಾಕುವಿನಿಂದ ಕೆರೆದು, ಎಣ್ಣೆಯ ಕಿಂಡಿ ಮತ್ತು ಬತ್ತಿಯ ತೂತು ಕೊಯ್ದರೆ ದೀಪ ಸಿದ್ಧ. ಅವಸರದಲ್ಲಿ ಕೆರೆಯದೆ ಬಿಟ್ಟ ಬೆಸುಗೆಯ ಗೆರೆ, ಒಳಗೆ ಮಣ್ಣೊತ್ತಿದ ಬೆರಳಿನ ಗುರುತು ಇಂದಿಗೂ ಹಲವು ದೀಪಗಳಲ್ಲಿ ಉಳಿದಿವೆ. ಎರಡು ಸಾವಿರ ವರ್ಷದ ಹಿಂದಿನ ಹೆಬ್ಬೆರಳಿನ ಗುರುತು ನೋಡಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ತಿಗರಿಯಲ್ಲಿ ಸಾಧ್ಯವಾಗದ ಉಬ್ಬು ಚಿತ್ರ ಅಚ್ಚಿನಲ್ಲಿ ಸುಲಭ. ಹೂಬಳ್ಳಿ, ಮುಖವಾಡ, ದೇವತೆ, ಪ್ರಾಣಿ ಎಲ್ಲವೂ ದೀಪದ ಭುಜದ ಮೇಲೆ ಅರಳಿದವು. ಆದರೆ ಅಚ್ಚಿನ ಜೊತೆಯಲ್ಲೇ ನಕಲೂ ಬಂತು.

ನಕಲು ಮಾಡುತ್ತಿದ್ದರೆ?

ಧಾರಾಳವಾಗಿ. ಬೇರೆಯವರ ದೀಪವೊಂದನ್ನು ಪೇಟೆಯಲ್ಲಿ ಕೊಂಡು ಅದರ ಮೇಲೇ ಅಚ್ಚು ತೆಗೆದರೆ ಆಯಿತು, ಕೆತ್ತುವ ಶ್ರಮವಿಲ್ಲ. ಆದರೆ ಮಣ್ಣು ಸುಳ್ಳು ಹೇಳುವುದಿಲ್ಲ. ಒಣಗಿ ಬೆಂದಾಗ ಜೇಡಿ ಕುಗ್ಗುತ್ತದೆ. ನೂರಕ್ಕೆ ಹತ್ತರಷ್ಟು ಕುಗ್ಗುವ ಮಣ್ಣೆಂದು ಇಟ್ಟುಕೊಳ್ಳೋಣ. 10 ಸೆಂಟಿಮೀಟರ್ ಉದ್ದದ ದೀಪದಿಂದ ತೆಗೆದ ಮಣ್ಣಿನ ಅಚ್ಚು ಸುಟ್ಟ ಮೇಲೆ 9 ಸೆಂಟಿಮೀಟರಿಗೆ ಇಳಿಯುತ್ತದೆ, ಅದರಲ್ಲಿ ಒತ್ತಿ ಸುಟ್ಟ ದೀಪ 8.1ಕ್ಕೆ. ಆ ನಕಲಿನಿಂದ ಮತ್ತೊಂದು ನಕಲು ತೆಗೆದರೆ ದೀಪ ಇನ್ನೂ ಪುಟ್ಟದಾಗುತ್ತದೆ, ದೇವತೆಯ ಮೂಗು ಸವೆಯುತ್ತದೆ, ಬಳ್ಳಿಯ ಎಲೆಗಳು ಬೊಟ್ಟುಗಳಾಗುತ್ತವೆ. ಒಂದೇ ಚಿತ್ರದ ಹಲವು ದೀಪಗಳನ್ನು ಅಳೆದು ಸಾಲಾಗಿಟ್ಟರೆ ಯಾವುದು ಅಜ್ಜ, ಯಾವುದು ಮೊಮ್ಮಗ ಎಂದು ಹೇಳಬಹುದು.

ಗಾರೆಯ ಅಚ್ಚು ಹೀಗೆ ಕುಗ್ಗುವುದಿಲ್ಲ. ಆದರೆ ಅದರೊಳಗಿನ ಗಾಳಿಗುಳ್ಳೆಗಳ ಗುಳಿಯಲ್ಲಿ ಮಣ್ಣು ತುಂಬಿ ದೀಪದ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಮೂಡುತ್ತವೆ. ಅದೂ ಒಂದು ಗುರುತು.

ದೀಪಗಳಿಗೆ ಹೆಸರುವಾಸಿಯಾದ ಊರುಗಳು ಯಾವುವು?

ಕ್ರಿ.ಪೂ. 5 ಮತ್ತು 4ನೇ ಶತಮಾನಗಳಲ್ಲಿ ಅಥೆನ್ಸ್. ಅಲ್ಲಿನ ಕಪ್ಪು ಹೊಳಪಿನ ದೀಪಗಳು ಹಡಗೇರಿ ದೂರದೂರಕ್ಕೆ ಹೋದವು, ಹೋದಲ್ಲೆಲ್ಲ ಊರ ಕುಂಬಾರರು ಅವನ್ನು ಅನುಕರಿಸಿದರು. ಅಚ್ಚಿನ ಕಾಲದಲ್ಲಿ ಏಷ್ಯಾ ಮೈನರಿನ, ಅಂದರೆ ಇಂದಿನ ಟರ್ಕಿಯ, ಎಫೆಸಸ್ ಹೆಸರು ಮಾಡಿತು. ಬೂದುಬಣ್ಣದ ಮಣ್ಣು, ಕಿಂಡಿಯ ಸುತ್ತ ಎದ್ದ ಕೊರಳಪಟ್ಟಿ, ಭುಜದ ಮೇಲೆ ಉಬ್ಬು ವಿನ್ಯಾಸ, ಉದ್ದನೆಯ ಮೂತಿ ಇವು ಎಫೆಸಸ್ ಮಾದರಿಯ ಲಕ್ಷಣ. ಪಕ್ಕದ ಗುಬ್ಬಿಯೇ ಡಾಲ್ಫಿನ್ ಆಕಾರ ತಾಳಿದ ದೀಪಗಳು ದೆಲೋಸ್ ದ್ವೀಪದಲ್ಲಿ ಬಹಳ ಸಿಕ್ಕಿವೆ. ರೋಮನ್ನರ ಆಳ್ವಿಕೆ ಬಂದ ಮೇಲೆ, ಕ್ರಿ.ಶ. 2ನೇ ಶತಮಾನದಲ್ಲಿ, ಕೊರಿಂಥದ ಕುಂಬಾರರು ಲೇಪವಿಲ್ಲದ, ತೆಳುವಾದ, ತಿಳಿಬಣ್ಣದ ದೀಪಗಳನ್ನು ಮಾಡಿದರು. ಚಿತ್ರದ ಸ್ಪಷ್ಟತೆಯಲ್ಲಿ ಅವನ್ನು ಮೀರಿಸುವ ದೀಪ ನನ್ನ ಮಟ್ಟಿಗೆ ಇಲ್ಲ. ಅಥೆನ್ಸಿನವರಿಗೂ ಹಾಗೇ ಅನ್ನಿಸಿರಬೇಕು, ಕೊರಿಂಥದ ದೀಪಗಳ ಮೇಲೆ ನೇರವಾಗಿ ಅಚ್ಚು ತೆಗೆದೇ ಅವರು ತಮ್ಮ ಉದ್ಯಮವನ್ನು ಮತ್ತೆ ಕಟ್ಟಿದರು.

ದೀಪ ಮಾಡಿದವರ ಹೆಸರುಗಳು ತಿಳಿದಿವೆಯೆ?

ಕೆಲವರದು ತಿಳಿದಿವೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಹೈಪರ್ಬೊಲಸ್ ಎಂಬ ರಾಜಕಾರಣಿ ಇದ್ದ. ಅವನದು ದೀಪದ ವ್ಯಾಪಾರ. ಸಿರಿವಂತ ಮನೆತನಗಳವರು ಇದನ್ನೇ ಹಿಡಿದು ಅವನನ್ನು ಹಂಗಿಸುತ್ತಿದ್ದರು. ಅರಿಸ್ಟೋಫನೀಸನೂ ಬಿಡಲಿಲ್ಲ. ಇಷ್ಟು ದಿನ ಕತ್ತಲಲ್ಲಿ ತಡಕಾಡುತ್ತಿದ್ದ ನಾವು ಇನ್ನು ದೀಪದ ಬೆಳಕಿನಲ್ಲಿ ಸಭೆ ನಡೆಸಬಹುದು ಎಂದು ಅವನ ಒಂದು ಪಾತ್ರ ಚುಚ್ಚುತ್ತದೆ. ಹೈಪರ್ಬೊಲಸನನ್ನು ಊರಿನಿಂದ ಹೊರಹಾಕಲು ಜನ ಮತ ಹಾಕಿದರು, ಕ್ರಿ.ಪೂ. 411ರಲ್ಲಿ ಸಾಮೋಸ್ ದ್ವೀಪದಲ್ಲಿ ಅವನನ್ನು ಕೊಂದರು. ಅವನು ಎಂಥ ರಾಜಕಾರಣಿಯೇ ಇರಲಿ, ಕೈಕಸುಬನ್ನು ಬೈಗುಳವಾಗಿಸಿದ್ದು ನನಗೆ ನೋವಿನ ಸಂಗತಿ.

ಅಚ್ಚಿನ ಕಾಲದಲ್ಲಿ ಕುಂಬಾರರು ದೀಪದ ತಳಕ್ಕೆ ತಮ್ಮ ಹೆಸರು ಒತ್ತತೊಡಗಿದರು. ಸಾಮಾನ್ಯವಾಗಿ ‘ಇಂಥವರದು’ ಎಂಬ ಷಷ್ಠೀ ವಿಭಕ್ತಿಯಲ್ಲಿ. ಏಷ್ಯಾ ಮೈನರಿನ ಕಡೆ ರೊಮನೇಸಿಸ್ ಎಂಬ ಹೆಸರಿನ ದೀಪಗಳು ಹೇರಳ. ರೋಮನ್ ಕಾಲದ ಅಥೆನ್ಸಿನಲ್ಲಿ ಪ್ರೈಮೋಸ್, ಎಲ್ಪಿಡೆಫೊರೋಸ್, ಯೂಟಿಕೆಸ್ ಮೊದಲಾದವರ ಕಾರ್ಯಾಗಾರಗಳಿದ್ದವು. ಅವುಗಳ ನಡುವೆ ಖಿಯೋನೆ, ಸೊಟೇರಿಯಾ ಎಂಬ ಎರಡು ಹೆಸರು ಸಿಗುತ್ತವೆ. ಎರಡೂ ಹೆಣ್ಣಿನ ಹೆಸರುಗಳು. ಅದರಲ್ಲಿ ಖಿಯೋನೆ ಎಂದರೆ ಹಿಮ. ದೀಪದ ತಳವನ್ನು ತಿರುಗಿಸಿ ಆ ಹೆಸರು ಓದಿದಾಗ, ಬರಹಗಾರರು ದಾಖಲಿಸದೆ ಬಿಟ್ಟ ಹೆಂಗಸರನ್ನು ಜೇಡಿಮಣ್ಣು ಉಳಿಸಿಕೊಟ್ಟಿತಲ್ಲ ಎಂದು ಸಂತೋಷವಾಗುತ್ತದೆ.

ಯಾವ ಎಣ್ಣೆ, ಎಂಥ ಬತ್ತಿ?

ಎಣ್ಣೆ ಮುಖ್ಯವಾಗಿ ಆಲಿವ್‌ನದು. ಅಡುಗೆಗೆ, ಮೈಗೆ, ದೀಪಕ್ಕೆ ಎಲ್ಲಕ್ಕೂ ಅದೇ. ಬತ್ತಿಗೆ ಅಗಸೆನಾರು, ಇಲ್ಲವೇ ಮುಲ್ಲೀನ್ ಎಂಬ ಗಿಡದ ಮೃದುವಾದ ಎಲೆ.

ಎಣ್ಣೆಯ ಬೆಲೆ ಎಷ್ಟು ಕಾಡುತ್ತಿತ್ತು ಎಂಬುದಕ್ಕೆ ಮತ್ತೆ ಅರಿಸ್ಟೋಫನೀಸನೇ ಸಾಕ್ಷಿ. ಸಾಲದ ಚಿಂತೆಯಿಂದ ನಿದ್ದೆಗೆಟ್ಟ ಸ್ಟ್ರೆಪ್ಸಿಯಾಡೀಸ್ ಎಂಬ ಮುದುಕ ನಡುರಾತ್ರಿ ಆಳನ್ನು ಗದರಿಸುತ್ತಾನೆ. ಆಳು ಹಚ್ಚಿದ್ದು ಎಣ್ಣೆ ಕುಡಿಯುವ ದೀಪ, ಸಾಲದೆಂಬಂತೆ ಹಾಕಿದ್ದು ದಪ್ಪ ಬತ್ತಿ. ಇನ್ನೊಂದು ನಾಟಕದಲ್ಲಿ ಬತ್ತಿಯನ್ನು ಬೆರಳಿನಿಂದ ಮುಂದೆ ತಳ್ಳಿದ ಹುಡುಗನಿಗೆ ತಂದೆಯ ಏಟು ಬೀಳುತ್ತದೆ, ಎಣ್ಣೆಗೆ ಬರ ಇರುವ ಕಾಲದಲ್ಲಿ ಹೀಗೆ ಮಾಡುತ್ತಾರೆಯೆ ಎಂದು. ಅದೇ ದೃಶ್ಯದಲ್ಲಿ ಬತ್ತಿಯ ತುದಿಯಲ್ಲಿ ಅಣಬೆಯಂತೆ ಕಿಟ್ಟ ಕಟ್ಟಿದ್ದನ್ನು ನೋಡಿ, ನಾಲ್ಕು ದಿನದೊಳಗೆ ಮಳೆ ಬರುತ್ತದೆ ಎಂಬ ಮಾತೂ ಇದೆ. ಮುದುಕರು ದೀಪ ಹಿಡಿದು ಕೆಸರಲ್ಲಿ ನಡೆಯುತ್ತ ಹವಾಮಾನ ಹೇಳುವ ಆ ಚಿತ್ರ ಎಷ್ಟು ಜೀವಂತ!

ಬೆಳಕು ಎಷ್ಟು ಬರುತ್ತಿತ್ತು?

ಒಂದು ಬತ್ತಿಗೆ ಸುಮಾರು ಒಂದು ಮೇಣದಬತ್ತಿಯಷ್ಟು. ಹೆಚ್ಚು ಬೇಕಾದವರು ಹಲವು ಮೂತಿಗಳ ದೀಪ ಕೊಳ್ಳುತ್ತಿದ್ದರು, ಎಣ್ಣೆಯ ಖರ್ಚು ಅಷ್ಟೇ ಪಟ್ಟು ಏರುತ್ತಿತ್ತು. ರಾತ್ರಿ ಕುಳಿತು ಭಾಷಣ ಸಿದ್ಧಪಡಿಸುತ್ತಿದ್ದ ಡೆಮಾಸ್ತನೀಸನ ಮಾತುಗಳಿಂದ ದೀಪದ ಬತ್ತಿಯ ವಾಸನೆ ಬರುತ್ತದೆ ಎಂದು ಅವನ ಎದುರಾಳಿ ಪೈಥಿಯಸ್ ಮೂದಲಿಸಿದ್ದನ್ನು ಪ್ಲುಟಾರ್ಕ್ ಬರೆದಿದ್ದಾನೆ.

ದೇವಸ್ಥಾನಗಳಲ್ಲಿ ಮಣ್ಣಿನ ದೀಪಗಳಿದ್ದವೆ?

ರಾಶಿರಾಶಿ. ಏಷ್ಯಾ ಮೈನರಿನ ಕ್ನಿಡೋಸಿನ ಡಿಮೀಟರ್ ದೇವಿಯ ಆವರಣದಲ್ಲಿ 1850ರ ದಶಕದ ಕೊನೆಯಲ್ಲಿ ಪುರಾತತ್ತ್ವಜ್ಞ ಚಾರ್ಲ್ಸ್ ನ್ಯೂಟನ್ ಅಗೆಸಿದಾಗ ಹರಕೆಯ ದೀಪಗಳು ಗುಡ್ಡೆಯಾಗಿ ಸಿಕ್ಕವು. ಕೊರಿಂಥದಲ್ಲಿ ನೆಲದಡಿಯ ಒಂದು ನೀರಿನ ತಾಣಕ್ಕೆ ದೀಪಗಳ ಚಿಲುಮೆ ಎಂದೇ ಹೆಸರು ಬಿದ್ದಿದೆ, ಅಲ್ಲಿ ಸಿಕ್ಕ ದೀಪಗಳು ಸುಮಾರು 4000. ಅವು ಕ್ರೈಸ್ತ ಧರ್ಮ ಬಂದ ಮೇಲಿನ, 5 ಮತ್ತು 6ನೇ ಶತಮಾನದವು. ದೇವರು ಬದಲಾದರೂ ನೀರಿನ ಬಳಿ ದೀಪ ಇಡುವ ಕೈ ಬದಲಾಗಲಿಲ್ಲ.

ಮಣ್ಣಿನದಲ್ಲದಿದ್ದರೂ ಒಂದು ದೀಪವನ್ನು ಹೇಳದೆ ಇರಲಾರೆ. ಅಥೆನ್ಸಿನ ಬೆಟ್ಟದ ಮೇಲೆ ಅಥೀನಾಳ ಗುಡಿಯಲ್ಲಿ ಶಿಲ್ಪಿ ಕಲಿಮಾಖಸ್ ಮಾಡಿದ ಚಿನ್ನದ ದೀಪವಿತ್ತು. ವರ್ಷಕ್ಕೊಮ್ಮೆ ಎಣ್ಣೆ ತುಂಬಿದರೆ ಹಗಲಿರುಳು ಉರಿಯುತ್ತಿತ್ತು, ಬತ್ತಿ ಬೆಂಕಿಗೆ ಸುಡದ ನಾರಿನದು, ಹೊಗೆ ಹೋಗಲು ಮೇಲೆ ಕಂಚಿನ ತಾಳೆಮರ ಇತ್ತು ಎಂದು ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಆ ನಾರು ಕಲ್ನಾರು ಎಂದು ಇಂದು ತಿಳಿಯುತ್ತಾರೆ. ರೋಮನ್ ಸೇನಾಪತಿ ಸುಲ್ಲಾ ಊರಿಗೆ ಮುತ್ತಿಗೆ ಹಾಕಿದ್ದಾಗ ಎಣ್ಣೆಯಿಲ್ಲದೆ ಆ ದೀಪವೂ ನಂದಿತು.

ಪುರಾತತ್ತ್ವಜ್ಞರಿಗೆ ಈ ದೀಪಗಳೆಂದರೆ ಏಕೆ ಇಷ್ಟು ಪ್ರೀತಿ?

ಕಾಲ ಹೇಳುತ್ತವೆ ಎಂಬ ಕಾರಣಕ್ಕೆ. ದೀಪ ಬೇಗ ಒಡೆಯುತ್ತದೆ, ಬೇಗ ಎಸೆಯುತ್ತಾರೆ, ಆಕಾರವೂ ಬೇಗ ಬದಲಾಗುತ್ತದೆ. ಅದರ ಮೇಲೆ ಊರು ನಾಶವಾದ ವರ್ಷಗಳು ನೆರವಿಗೆ ಬರುತ್ತವೆ: ಕೊರಿಂಥ ಕ್ರಿ.ಪೂ. 146ರಲ್ಲಿ, ಅಥೆನ್ಸ್ ಕ್ರಿ.ಪೂ. 86ರಲ್ಲಿ, ಮತ್ತೆ ಅದೇ ಅಥೆನ್ಸ್ ಕ್ರಿ.ಶ. 267ರಲ್ಲಿ ಹೆರುಲಿಯನ್ನರೆಂಬ ದಾಳಿಕೋರರ ಕೈಯಲ್ಲಿ. ಬೂದಿಯ ಪದರದೊಳಗೆ ಸಿಕ್ಕ ದೀಪ ಆ ವರ್ಷಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ಕೊರಿಂಥದ ದೀಪಗಳನ್ನು ಆಸ್ಕರ್ ಬ್ರೋನೀರ್ 1930ರಲ್ಲಿ, ಅಥೆನ್ಸಿನ ಅಗೋರಾ ಎಂಬ ಪೇಟೆಚೌಕದ ಗ್ರೀಕ್ ದೀಪಗಳನ್ನು ರಿಚರ್ಡ್ ಹೌಲ್ಯಾಂಡ್ 1958ರಲ್ಲಿ ವರ್ಗೀಕರಿಸಿದರು. ಆ ವರ್ಗಗಳ ಸಂಖ್ಯೆಗಳನ್ನೇ ಇಂದಿಗೂ ಬಳಸುತ್ತಾರೆ.

ಇಂಥದೊಂದನ್ನು ನಾನೇ ಮಾಡಿ ನೋಡಬಹುದೆ?

ಖಂಡಿತ. ಹದವಾದ ಜೇಡಿಮಣ್ಣಿನಿಂದ ತಗ್ಗು ಬಟ್ಟಲು ಮಾಡಿ, ಅಂಚನ್ನು ನಿಧಾನವಾಗಿ ಒಳಕ್ಕೆ ಬಾಗಿಸಿ. ಒಂದು ದಿನ ನೆರಳಲ್ಲಿ ಬಿಟ್ಟು, ಬೆರಳಿನ ಸುತ್ತ ಸುತ್ತಿದ ಪುಟ್ಟ ಮೂತಿಯನ್ನು ಪಕ್ಕಕ್ಕೆ ಅಂಟಿಸಿ. ಮೂತಿಯ ತುದಿ ಒಡಲಿನ ಅಂಚಿಗಿಂತ ಕೆಳಗಿರಬಾರದು, ಇದ್ದರೆ ತುಂಬಿದ ಎಣ್ಣೆಯೆಲ್ಲ ಹರಿದುಹೋಗುತ್ತದೆ. ಒಳಮೈಯನ್ನು ನುಣುಪಾದ ಕಲ್ಲಿನಿಂದ ಉಜ್ಜಿ, ತಿಳಿ ಜೇಡಿಯ ಕೆನೆಯನ್ನು ಎರಡು ಸಲ ಬಳಿಯಿರಿ. ಪೂರಾ ಒಣಗಿದ ಮೇಲೆ ಪರಿಚಯದ ಕುಂಬಾರರ ಆವಿಗೆಯಲ್ಲಿ ಸುಡಿಸಿ. ಮೊದಲ ಸಲ ಹಚ್ಚುವಾಗ ದೀಪದ ಕೆಳಗೆ ಒಂದು ತಟ್ಟೆ ಇಡಿ, ಮಾರನೆಯ ಬೆಳಿಗ್ಗೆ ಆ ತಟ್ಟೆಯಲ್ಲಿ ಎಷ್ಟು ಎಣ್ಣೆ ಜಿನುಗಿದೆ ಎಂದು ನೋಡಿ.